ವೈರಸ್ ಹೋಯ್ತು, ಜತೆಗೆ ನೆಟ್ಟೂ ಹೋಯ್ತು: ಗಂಗಾವತಿ ಕಾಕಾನ ಕಂಪ್ಯೂಟರ್

ಕೇಳಿದ್ದು, ಬೆಂಗಳೂರಿನಿಂದ:
ನಮ್ಮ ಕಾಕಾ ಗಂಗಾವತಿಯಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದಾರೆ. ಹೋದ ವಾರ ಒಂದು ಪಹಣಿ ಫೈಲ್ ಸಣ್ಣದು ಮಾಡಬೇಕಂತ ಯಾವುದೋ ಫ್ರೀ ಪಿಡಿಎಫ್ ಸಾಫ್ಟ್‌ವೇರ್ ಇಳಿಸಿಕೊಂಡರು. ಅವತ್ತಿನಿಂದ ಬ್ರೌಸರ್ ತೆಗೆದರೆ ಬರೀ ರಮ್ಮಿ ಜಾಹೀರಾತು. ಫೋನಲ್ಲೇ ಹೇಳಿಕೊಟ್ಟು ಆಂಟಿವೈರಸ್ ಓಡಿಸಿದೆ, ಏಳೆಂಟು ಸಿಕ್ಕವು, ಡಿಲೀಟ್ ಮಾಡಿಸಿದೆ. ಈಗ ವೈಫೈ ಕನೆಕ್ಟೆಡ್ ಅಂತ ತೋರಿಸುತ್ತೆ, ಒಂದು ಪೇಜೂ ತೆರೆಯಲ್ಲ. ರಿಪೇರಿಯವರು ಫಾರ್ಮ್ಯಾಟ್ ಒಂದೇ ದಾರಿ ಅಂದಿದ್ದಾರೆ. ಹತ್ತು ವರ್ಷದ ಉದ್ರಿ ಲೆಕ್ಕ ಅದರಲ್ಲೇ ಇದೆ, 20ನೇ ತಾರೀಖಿನೊಳಗೆ ಜಿಎಸ್‌ಟಿ ಬೇರೆ ತುಂಬಬೇಕು. ಯಾರಿಗಾದ್ರೂ ಹಿಂಗೆ ಆಗಿತ್ತಾ?

ರಾಯಚೂರಿನಿಂದ:
ಫಾರ್ಮ್ಯಾಟ್‌ಗೆ ಕೈ ಹಾಕಬ್ಯಾಡ್ರಿ. ನಮ್ಮ ಮಾವನ ಲ್ಯಾಪ್‌ಟಾಪ್‌ಗೂ ಥೇಟ್ ಹಿಂಗೇ ಆಗಿತ್ತು. ಎರಡು ದಿನ ರೂಟರ್ ಬೈದೆ, ನೆಟ್ ಕೊಟ್ಟವರನ್ನ ಬೈದೆ. ತಪ್ಪಿದ್ದದ್ದು ಒಂದೇ ಒಂದು ಸೆಟ್ಟಿಂಗ್‌ನಾಗ.

ಇಂಥ ಜಾಹೀರಾತು ವೈರಸ್ ಎಪಿಎಂಸಿ ದಲಾಲಿ ಇದ್ದಂಗ. ಬ್ರೌಸರಿಗೂ ಇಂಟರ್‌ನೆಟ್ಟಿಗೂ ನಡುವೆ ಕೂತು, ಹೋಗೋ ಬರೋ ಮಾಲೆಲ್ಲ ತನ್ನ ಅಂಗಡಿ ಹಾಯ್ದೇ ಹೋಗಬೇಕು ಅಂತ ಮಾಡಿಡ್ತದ. ಪ್ರಾಕ್ಸಿ ಅಂದ್ರೆ ಇದೇ. ಆಂಟಿವೈರಸ್ ದಲಾಲಿಯನ್ನ ಓಡಿಸ್ತು ಖರೆ, ಆದ್ರ ಅವನು ವಿಂಡೋಸ್‌ನಾಗ ಬರೆದಿಟ್ಟ ಚೀಟಿ ಹಂಗೇ ಉಳೀತು. ಬಂಡಿ ಈಗಲೂ ಮುಚ್ಚಿದ ಅಂಗಡಿ ಮುಂದ ನಿಂತದ.

ಮೊದಲು ಮೊಬೈಲ್ ಹಾಟ್‌ಸ್ಪಾಟ್ ಹಚ್ಚಿ ನೋಡ್ರಿ. ಅದರಲ್ಲೂ ಪೇಜ್ ತೆರೀಲಿಲ್ಲ ಅಂದ್ರೆ ರೂಟರ್‌ದೇನೂ ತಪ್ಪಿಲ್ಲ, ದೋಷ ಕಂಪ್ಯೂಟರ್ ಒಳಗೇ ಅದ. ಆಮ್ಯಾಲ ವಿಡಿಯೊ ಕಾಲ್ ಮಾಡಿ ಕಾಕಾನ ಫೋನ್ ಪರದೆ ಕಡೆ ಹಿಡಿಸ್ರಿ. ಸೆಟ್ಟಿಂಗ್ಸ್, ನೆಟ್‌ವರ್ಕ್ ಅಂಡ್ ಇಂಟರ್‌ನೆಟ್, ಅದರೊಳಗ ಪ್ರಾಕ್ಸಿ. ‘ಯೂಸ್ ಎ ಪ್ರಾಕ್ಸಿ ಸರ್ವರ್’ ಆನ್ ಇದ್ದು ಅಡ್ರೆಸ್ 127.0.0.1 ಅಂತಿದ್ರೆ ಕಳ್ಳ ಸಿಕ್ಕಂಗ. ಆ ನಂಬರ್ ಅಂದ್ರೆ ಅದೇ ಕಂಪ್ಯೂಟರ್. ತನ್ನ ಬಾಗಿಲು ತಾನೇ ಬಡೀಲಿಕ್ಕತ್ತದ. ಆಫ್ ಮಾಡಿಸ್ರಿ. ಮ್ಯಾಲಿನ ‘ಸೆಟಪ್ ಸ್ಕ್ರಿಪ್ಟ್’ ಆನ್ ಇದ್ರ ಅದನ್ನೂ. ನಾನು ‘ಸ್ವಿಚ್ ಆಫ್ ಮಾಡ್ರಿ ಮಾವ’ ಅಂದಿದ್ದಕ್ಕ ಮಾವ ಎದ್ದು ಗೋಡೆ ಸ್ವಿಚ್ ಆರಿಸಿದ್ರು. ರೂಟರ್ ಹೋಯ್ತು, ವಿಡಿಯೊ ಕಾಲೂ ಹೋಯ್ತು. ಅದಕ್ಕೇ ‘ನೀಲಿ ಗುಂಡಿ ಒತ್ರಿ’ ಅಂತ ಹೇಳ್ರಿ.

ರೀಸ್ಟಾರ್ಟ್ ಆದ ಮ್ಯಾಲ ಅದು ತಾನೇ ಮತ್ತ ಆನ್ ಆಗಿದ್ರ ವೈರಸ್ ಇನ್ನೂ ಒಳಗ ಅದ ಅಂತ ತಿಳ್ಕೊಳ್ರಿ. ಆಗ ವಿಂಡೋಸ್ ಸೆಕ್ಯುರಿಟಿಯ ಸ್ಕ್ಯಾನ್ ಆಪ್ಷನ್ಸ್‌ನಾಗ ‘ಆಫ್‌ಲೈನ್ ಸ್ಕ್ಯಾನ್’ ಕೊಡ್ರಿ. ಮಷೀನ್ ತಾನೇ ರೀಸ್ಟಾರ್ಟ್ ಆಗಿ, ವಿಂಡೋಸ್ ಪೂರ್ತಿ ಏಳೋ ಮೊದಲೇ ಹುಡುಕ್ತದ. ಸುಮಾರು 15 ನಿಮಿಷ ಹಿಡೀತದ, ನಡುವೆ ಬಂದ್ ಮಾಡಬ್ಯಾಡ್ರಿ.

ಸಿಂಧನೂರಿನಿಂದ:
ಅದಕ್ಕೂ ಮೊದ್ಲು ಕಂಪ್ಯೂಟರಿನ ತಾರೀಖು ನೋಡ್ರಿ. ನಮ್ಮ ದೊಡ್ಡಪ್ಪಂದು ಹಿಂದಿನ ಯಾವುದೋ ವರ್ಷಕ್ಕ ಹೋಗಿ ಕೂತಿತ್ತು, ಬ್ಯಾಂಕಿನ ಸೈಟೂ ತೆರೀತಿರಲಿಲ್ಲ. ಮದರ್‌ಬೋರ್ಡಿನ ಗುಂಡನೆ ಸೆಲ್ ಹೋಗಿತ್ತು, ಅಷ್ಟ. ಸುಮ್ನೆ ವೈರಸ್ ವೈರಸ್ ಅಂತ ಬೈದ್ವಿ.

ಬಳ್ಳಾರಿಯಿಂದ:
ಪ್ರಾಕ್ಸಿ ಸರಿ ಇದ್ದರೆ ಡಿಎನ್‌ಎಸ್ ನೋಡಿ. ಸೈಟಿನ ಹೆಸರು ಕೊಟ್ಟರೆ ನಂಬರ್ ಹುಡುಕಿ ಕೊಡೋದು ಅದು. ನಾನು ಸೈಬರ್ ಸೆಂಟರ್ ನಡೆಸುತ್ತಿದ್ದ ಕಾಲಕ್ಕೆ ಡಿಎನ್‌ಎಸ್‌ಚೇಂಜರ್ ಅಂತ ಒಂದು ವೈರಸ್ ಬಂದಿತ್ತು. 100ಕ್ಕೂ ಹೆಚ್ಚು ದೇಶಗಳಲ್ಲಿ 40 ಲಕ್ಷ ಕಂಪ್ಯೂಟರ್‌ಗಳನ್ನು ಕಳ್ಳರ ಡಿಎನ್‌ಎಸ್ ಕಡೆ ತಿರುಗಿಸಿತ್ತು. 2011ರ ನವೆಂಬರ್‌ನಲ್ಲಿ ಎಸ್ಟೋನಿಯಾದಲ್ಲಿ ಗುಂಪು ಸಿಕ್ಕಿಬಿತ್ತು. ಆ ಸರ್ವರ್ ಒಮ್ಮೆಲೇ ನಿಲ್ಲಿಸಿದರೆ ಅಷ್ಟೂ ಜನರ ನೆಟ್ ಹೋಗುತ್ತೆ ಅಂತ ಅಮೆರಿಕದ ಕೋರ್ಟ್ ಒಪ್ಪಿಗೆಯ ಮೇಲೆ ಅದರ ಜಾಗದಲ್ಲಿ ಒಳ್ಳೆ ಸರ್ವರ್ ಕೂರಿಸಿ 2012ರ ಜುಲೈ 9ರವರೆಗೂ ನಡೆಸಿದರು. ಅಷ್ಟರಲ್ಲಿ ಸರಿ ಮಾಡಿಕೊಳ್ಳದವರ ನೆಟ್ ಅವತ್ತು ನಿಂತಿತು. ಹಾಗಾಗಿ ಡಿಎನ್‌ಎಸ್ ‘ಆಟೊಮ್ಯಾಟಿಕ್’ ಇದೆಯಾ ನೋಡಿ. ರೂಟರ್‌ನಲ್ಲೂ ನೋಡಿ, ಆ ವೈರಸ್ ರೂಟರನ್ನೂ ಕೆಡಿಸುತ್ತಿತ್ತು.

ಯಾವುದಕ್ಕೂ ಬಗ್ಗದಿದ್ದರೆ ‘ನೆಟ್‌ವರ್ಕ್ ರೀಸೆಟ್’. ವೈಫೈ ಪಾಸ್‌ವರ್ಡ್ ಅಳಿಸಿಹೋಗುತ್ತೆ, ಮೊದಲೇ ಬರೆದಿಟ್ಟುಕೊಳ್ಳಿ. ಉದ್ರಿ ಲೆಕ್ಕಕ್ಕೇನೂ ಆಗಲ್ಲ.

ಕೊಪ್ಪಳದಿಂದ:
ಅಣ್ಣಾ, ನೆಟ್ ಬಂದ ಖುಷಿಗೆ ಕೂಡಲೇ ಅದರಲ್ಲೇ ಜಿಎಸ್‌ಟಿ ಲಾಗಿನ್ ಮಾಡಿಸಬ್ಯಾಡ್ರಿ. ದಲಾಲಿ ಕೂತಿದ್ದಷ್ಟು ದಿನ ಕಾಕಾ ಹೊಡೆದ ಪಾಸ್‌ವರ್ಡ್ ಅವನ ಕಣ್ಣಿಗೆ ಬಿದ್ದಿರಬಹುದು. ಫೋನಿನಿಂದ ಬದಲಿಸ್ರಿ, ಜಿಮೇಲ್ ಮೊದಲು, ಬ್ಯಾಂಕು ಆಮೇಲೆ. ‘ನಿಮ್ಮ ಕಂಪ್ಯೂಟರಿಗೆ ವೈರಸ್, ಈ ನಂಬರಿಗೆ ಕಾಲ್ ಮಾಡಿ’ ಅಂತ ಪರದೆ ಮೇಲೆ ಬಂದಿತ್ತಾ, ಕಾಕಾ ಮಾಡಿದ್ರಾ, ಅದನ್ನೂ ಕೇಳ್ರಿ. ಮಾಡಿದ್ದೆ ಅಂದ್ರೂ ಬೈಬ್ಯಾಡ್ರಿ, ನಮ್ಮತ್ತೆ ಬೈಸಿಕೊಳ್ಳೋ ಹೆದರಿಕೆಗೆ ಮೂರು ದಿನ ಹೇಳಿರಲೇ ಇಲ್ಲ. ದುಡ್ಡು ಹೋಗಿದ್ರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಹಚ್ರಿ.

ಕೇಳಿದವರು, ಮರುದಿನ:
ಪ್ರಾಕ್ಸಿಯೇ. ಅದೇ 127.0.0.1. ಆಫ್ ಮಾಡಿಸಿ ಎರಡು ಸಲ ರೀಸ್ಟಾರ್ಟ್ ಮಾಡಿಸಿದೆ, ಮತ್ತೆ ಆನ್ ಆಗಿಲ್ಲ. ಯಾವ ನಂಬರಿಗೂ ಕಾಲ್ ಮಾಡಿಲ್ಲವಂತೆ, ಎರಡು ಸಲ ಕೇಳಿದೆ. ನೆಟ್ ಬಂದ ಕೂಡಲೇ ಕಾಕಾ ಹುಡುಕಿದ್ದು ತುಂಗಭದ್ರಾ ಡ್ಯಾಮಿನ ನೀರು ಎಷ್ಟು ಅಡಿ ಬಂತು ಅಂತ. ಉದ್ರಿ ಲೆಕ್ಕ ಪೆನ್‌ಡ್ರೈವ್‌ಗೆ ಹಾಕಿಸಿದ್ದೀನಿ. ಆದ್ರೆ ಮೂಲೆಯಲ್ಲಿ ರಮ್ಮಿ ನೋಟಿಫಿಕೇಶನ್ ಇನ್ನೂ ಇಣುಕುತ್ತಿದೆ?

ರಾಯಚೂರಿನಿಂದ:
ಅದಕ್ಕ ಹೆದರಬ್ಯಾಡ್ರಿ, ಯಾವಾಗೋ ಕಾಕಾನೇ ‘ಅಲೌ’ ಒತ್ತಿರ್ತಾರ. ಕ್ರೋಮ್ ಸೆಟ್ಟಿಂಗ್ಸ್‌ನಾಗ ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್. ಅಲ್ಲಿ ಗುರುತಿಲ್ಲದ ಹೆಸರೆಲ್ಲ ತೆಗೆದುಹಾಕ್ರಿ.