ಟೇಬಲ್ ಡಿಸೈನ್ ಮಾಯ, ಸಬ್‌ಟೋಟಲ್ ಮಂಕು: ನಿಮಗೂ ಹೀಗೆ ಆಗಿತ್ತಾ?

ತುಮಕೂರು ಶಾಮಿಯಾನ:
ನಮ್ಮದು ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆ ಅಂಗಡಿ. ಲೆಕ್ಕ ಎಲ್ಲ ಎಕ್ಸೆಲ್ 2021ರಲ್ಲಿ, ತಿಂಗಳಿಗೊಂದು ಶೀಟ್. ಮಾರ್ಚ್, ಏಪ್ರಿಲ್ ಎರಡೂ ನೋಡೋಕೆ ಒಂದೇ ಥರ ಇವೆ. ನೀಲಿ ತಲೆಸಾಲು, ಕೆಳಗೆ ಒಂದು ಬಿಟ್ಟು ಒಂದು ಸಾಲಿಗೆ ತಿಳಿ ನೀಲಿ. ಮಾರ್ಚ್ ಶೀಟಿನಲ್ಲಿ ಎಲ್ಲಿ ಕ್ಲಿಕ್ ಮಾಡಿದರೂ ಮೇಲೆ ಟೇಬಲ್ ಡಿಸೈನ್ ಟ್ಯಾಬ್ ಬರುತ್ತಿಲ್ಲ. ತಲೆಸಾಲಿನ ಬಾಣಗಳೂ ಹೋಗಿವೆ. ಏಪ್ರಿಲ್‌ನಲ್ಲಿ ಆ ಟ್ಯಾಬ್ ಬರುತ್ತದೆ, ಆದರೆ ಡೇಟಾ ಟ್ಯಾಬಿನಲ್ಲಿರುವ, ಗುಂಪುವಾರು ಮೊತ್ತ ಹಾಕುವ ಸಬ್‌ಟೋಟಲ್ ಮಂಕಾಗಿದೆ, ಒತ್ತಿದರೆ ಏನೂ ಆಗುವುದಿಲ್ಲ. ಮಾರ್ಚ್‌ನಲ್ಲಿ ಸಬ್‌ಟೋಟಲ್ ಚೆನ್ನಾಗಿಯೇ ಇದೆ! ಪಾರ್ಟಿವಾರು ಬಾಕಿ ತೆಗೆಯಬೇಕು. ಮದುವೆ ಸೀಸನ್, ಕೈಯಲ್ಲಿ ಟೈಮ್ ಇಲ್ಲ. ಅನುಭವ ಇದ್ದವರು ಹೇಳಿ.

ಪೀಣ್ಯ ಎಂಐಎಸ್:
ಇದು ಶೇರ್ಡ್ ವರ್ಕ್‌ಬುಕ್ ಕಾಟ. ನೂರಕ್ಕೆ ನೂರು. 2017ರಲ್ಲಿ ನಾನು ಅನುಭವಿಸಿದ್ದು ಕೇಳಿ. ನಮ್ಮ ಫ್ಯಾಕ್ಟರಿಯಲ್ಲಿ ಮೂರು ಶಿಫ್ಟ್. ರಿಜೆಕ್ಷನ್ ಲೆಕ್ಕವನ್ನು ಮೂವರೂ ಒಂದೇ ಫೈಲಿನಲ್ಲಿ ಬರೆಯಬೇಕು. ಯಾರೋ ಪುಣ್ಯಾತ್ಮ ರಿವ್ಯೂ ಟ್ಯಾಬಿಗೆ ಹೋಗಿ ಶೇರ್ ವರ್ಕ್‌ಬುಕ್ ಒತ್ತಿದ್ದಾನೆ. ಸೋಮವಾರ ಬೆಳಿಗ್ಗೆ ನೋಡಿದರೆ ಇನ್ಸರ್ಟ್‌ನಲ್ಲಿ ಟೇಬಲ್ ಮಂಕು. ಚಾರ್ಟ್ ಮಂಕು, ಮರ್ಜ್ ಮಂಕು, ಕಂಡಿಷನಲ್ ಫಾರ್ಮ್ಯಾಟಿಂಗ್ ಮಂಕು. ನನಗೆ ವೈರಸ್ ಅನ್ನಿಸಿತು. ಕಂಪ್ಯೂಟರ್ ರಿಪೇರಿಯವನನ್ನು ಕರೆಸಿದೆ. ಮೊದಲ ದಿನ ಏನೋ ರಿಪೇರಿ ಅಂತ 500. ಎರಡು ದಿನ ಬಿಟ್ಟು ಆಫೀಸ್ ತೆಗೆದು ಮತ್ತೆ ಹಾಕಿದ, 1,200. ಶುಕ್ರವಾರ 'ವಿಂಡೋಸೇ ಹೋಗಿದೆ ಸಾರ್' ಅಂದ, ಫಾರ್ಮ್ಯಾಟ್ ಮಾಡಿದ, 2,500. ಒಟ್ಟು 4,200, ನನ್ನ ಜೇಬಿನಿಂದ. ಆಫೀಸಿನಲ್ಲಿ ಬಿಲ್ ಕೇಳಿದರು, ಅವನು ಬಿಲ್ ಕೊಡಲಿಲ್ಲ. ಡಿ ಡ್ರೈವ್ ಬ್ಯಾಕಪ್ ತೆಗೆದುಕೊಂಡಿದ್ದ, ಡೆಸ್ಕ್‌ಟಾಪ್ ಮರೆತಿದ್ದ. ಡೆಸ್ಕ್‌ಟಾಪಿನಲ್ಲಿ ನನ್ನ ಮಗಳ ನಾಮಕರಣದ ಫೋಟೋಗಳಿದ್ದವು. ಇದ್ದದ್ದು ಅದೊಂದೇ ಕಾಪಿ. ಇವತ್ತಿಗೂ ಮನೆಯಲ್ಲಿ ಆ ಮಾತು ಬಂದರೆ ನಾನು ಎದ್ದು ಹೊರಗೆ ಹೋಗುತ್ತೇನೆ.

ಇಷ್ಟೆಲ್ಲ ಆದ ಮೇಲೆ ಫೈಲ್ ತೆರೆದರೆ ಟೇಬಲ್ ಇನ್ನೂ ಮಂಕು! ಆಗ ಕಣ್ಣಿಗೆ ಬಿತ್ತು, ಕಿಟಕಿಯ ನೆತ್ತಿಯ ಮೇಲೆ ಫೈಲ್ ಹೆಸರಿನ ಪಕ್ಕ 'ಶೇರ್ಡ್' ಅಂತ ಬರೆದಿದೆ. ಅದನ್ನು ತೆಗೆದೆ. ಒಂದು ಟಿಕ್ ಅಷ್ಟೇ. 4,200 ರೂಪಾಯಿಯ ಟಿಕ್.

ಶಿರಸಿ ತೂಕದ ಚೀಟಿ:
ಪೀಣ್ಯದವರೇ, ನಿಮ್ಮದು ಬರೀ ದುಡ್ಡು ಹೋಯಿತು. ನನ್ನದು ಮರ್ಯಾದೆ ಹೋಗಿತ್ತು.

ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಒಂದು ಫೈಲ್, ಹನ್ನೆರಡು ಶೀಟ್. ಪ್ರಿಂಟ್ ತೆಗೆಯಲು ಶಿಫ್ಟ್ ಒತ್ತಿ ಹನ್ನೆರಡನ್ನೂ ಒಟ್ಟಿಗೆ ಹಿಡಿದಿದ್ದೆ. ಪ್ರಿಂಟ್ ಬಂತು, ಬಿಡಿಸುವುದು ಮರೆತೆ. ಊಟ ಮಾಡಿ ಬಂದು ಟೇಬಲ್ ಮಾಡಲು ಹೋದರೆ ಇನ್ಸರ್ಟ್‌ನಲ್ಲಿ ಟೇಬಲ್ ಮಂಕು. ಇರಲಿ, ಆಮೇಲೆ ನೋಡೋಣ ಎಂದು ಅವತ್ತಿನ ತೂಕ ಹೊಡೆಯುತ್ತಾ ಕುಳಿತೆ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಎಲ್ಲ ಸೇರಿ 27 ಚೀಟಿ. ಗ್ರೂಪ್ ಆಗಿರುವ ಶೀಟಿನಲ್ಲಿ ಒಂದು ಕಡೆ ಹೊಡೆದದ್ದು ಹನ್ನೆರಡು ಕಡೆಯೂ ಅದೇ ಮನೆಯಲ್ಲಿ (ಸೆಲ್‌ನಲ್ಲಿ) ಕೂರುತ್ತದೆ. ಅಲ್ಲಿದ್ದ ಹಳೆಯ ಅಂಕಿ ಅಳಿಸಿಹೋಗುತ್ತದೆ. ನಾನು ಸೇವ್ ಮಾಡಿ, ಮುಚ್ಚಿ, ಮನೆಗೆ ಹೋದೆ. ಮಾರನೇ ದಿನ ಅನ್‌ಡೂ ಎಲ್ಲಿಂದ ಬರಬೇಕು?

ಒಬ್ಬ ರೈತರು ಬಂದು 'ತಂಗಿ, ನಾನು ಜನವರಿಯಲ್ಲಿ ಕೆಂಪುಗೋಟು ತಂದೇ ಇಲ್ಲವಲ್ಲ' ಅಂದರು. ಎದೆ ಧಸಕ್ ಎಂದಿತು. ಪುಣ್ಯಕ್ಕೆ ಹಿಂದಿನ ದಿನದ ಪ್ರಿಂಟ್ ಇತ್ತು. ಎರಡು ರಾತ್ರಿ ಕೂತು ಹನ್ನೊಂದು ಶೀಟನ್ನು ಚೀಟಿ ನೋಡಿ ಸರಿ ಮಾಡಿದೆ. ಆ ಪ್ರಿಂಟನ್ನು ಇನ್ನೂ ಇಟ್ಟುಕೊಂಡಿದ್ದೇನೆ, ಎಸೆಯಲು ಮನಸ್ಸಿಲ್ಲ. ಮೆನು ಮಂಕಾದರೆ ಮೊದಲು ನೆತ್ತಿ ನೋಡಿ, 'ಗ್ರೂಪ್' ಅಂತ ಇದೆಯಾ ಅಂತ. ಇದ್ದರೆ ಒಂದು ಅಕ್ಷರವನ್ನೂ ಹೊಡೆಯಬೇಡಿ.

ಉಡುಪಿ ಲಿಬ್ರೆ:
ಇಷ್ಟೆಲ್ಲ ಅನುಭವಿಸಿಯೂ ಅದನ್ನೇ ಬಳಸುತ್ತೀರಿ ಅಂದರೆ ನಿಮ್ಮ ತಾಳ್ಮೆ ದೊಡ್ಡದು. ನಾನು ಎಂಟು ವರ್ಷದಿಂದ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿದ್ದೇನೆ, ಎಕ್ಸೆಲ್ ಥರದ್ದೇ ಉಚಿತ ಸಾಫ್ಟ್‌ವೇರ್. ಒಂದು ರೂಪಾಯಿ ಕೊಟ್ಟಿಲ್ಲ. ಡೇಟಾ ಮೆನುವಿನಲ್ಲಿ ಸಬ್‌ಟೋಟಲ್ಸ್ ಇದೆ, ಡಿಫೈನ್ ರೇಂಜ್ ಇದೆ. ಮೆನು ಅಂದರೆ ಮೆನು. ಬಂದು ಹೋಗುವ ಟ್ಯಾಬ್ ನೆಂಟರ ಥರ ಅಲ್ಲ.

ಅಂದ ಹಾಗೆ ಪೀಣ್ಯದವರು ಹೇಳಿದ್ದು ತಪ್ಪು. ಟೇಬಲ್ ಇರುವ ಫೈಲನ್ನು ಆ ಹಳೆಯ ರೀತಿಯಲ್ಲಿ ಶೇರ್ ಮಾಡಲು ಎಕ್ಸೆಲ್ ಬಿಡುವುದೇ ಇಲ್ಲ. ಏಪ್ರಿಲ್‌ನಲ್ಲಿ ಟೇಬಲ್ ಡಿಸೈನ್ ಬರುತ್ತದೆ ಎಂದು ತುಮಕೂರಿನವರೇ ಬರೆದಿದ್ದಾರೆ. ಓದಿ ಉತ್ತರ ಕೊಡಿ.

ಪೀಣ್ಯ ಎಂಐಎಸ್:
ನನ್ನ ಅನುಭವ ಹೇಳಿದ್ದೇನೆ, ಪರೀಕ್ಷೆ ಬರೆದಿಲ್ಲ. ನೂರಕ್ಕೆ ನೂರು ಅಂದದ್ದನ್ನು ಎಂಬತ್ತು ಅಂತ ಓದಿಕೊಳ್ಳಿ. ಇನ್ನು ನಿಮ್ಮ ಕ್ಯಾಲ್ಕ್. ನಾನು ಫಾರ್ಮ್ಯಾಟ್ ಮಾಡಿಸಿದ ಮೇಲೆ ಎರಡು ವಾರ ಅದರಲ್ಲೇ ಇದ್ದೆ. ನನ್ನ ಟೇಬಲ್‌ಗಳ ಬಣ್ಣದ ಪಟ್ಟೆ ಒಂದೂ ಕಾಣಲಿಲ್ಲ, ಬಿಳಿ ಹಾಳೆ. 900 ಸಾಲಿನಲ್ಲಿ ಕಣ್ಣು ಜಾರಿ ಒಂದು ಬ್ಯಾಚಿನ ರಿಜೆಕ್ಷನ್ನನ್ನು ಪಕ್ಕದ ಬ್ಯಾಚಿಗೆ ಬರೆದೆ. ಬೈಗುಳ ತಿಂದದ್ದು ನಾನು, ನಿಮ್ಮ ಲಿಬ್ರೆ ಅಲ್ಲ.

ಉಡುಪಿ ಲಿಬ್ರೆ:
ಬಣ್ಣ ಇಲ್ಲದಿದ್ದರೆ ಲೆಕ್ಕ ಬರುವುದಿಲ್ಲ ಅಂದರೆ ತೊಂದರೆ ಸಾಫ್ಟ್‌ವೇರಿನದ್ದಲ್ಲ.

ದಾವಣಗೆರೆ ಹಳೇ ಗುಮಾಸ್ತ:
ಜಗಳ ಬಿಡಿ ಮಕ್ಕಳೇ. ನಾನು ಜವಳಿ ಅಂಗಡಿಯಲ್ಲಿ ಲೆಕ್ಕ ಬರೆದು ನಿವೃತ್ತನಾದವನು. ಎಕ್ಸೆಲ್ 2003ರಲ್ಲಿ ಇದರ ಹೆಸರು ಟೇಬಲ್ ಅಲ್ಲ, ಲಿಸ್ಟ್. ಡೇಟಾ ಮೆನುವಿನಲ್ಲಿ ಇತ್ತು. ಕಂಟ್ರೋಲ್ ಎಲ್ ಒತ್ತಿದರೆ ಆಗುತ್ತಿತ್ತು. 2007ರಲ್ಲಿ ರಿಬ್ಬನ್ ಬಂತು, ಲಿಸ್ಟ್ ಹೋಗಿ ಟೇಬಲ್ ಆಯಿತು, ಕಂಟ್ರೋಲ್ ಟಿ ಆಯಿತು. ಈಗಲೂ ಕಂಟ್ರೋಲ್ ಎಲ್ ಒತ್ತಿ ನೋಡಿ, ಅದೇ ಪೆಟ್ಟಿಗೆ ತೆರೆಯುತ್ತದೆ. ನಮ್ಮಂಥವರಿಗೆ ಇಟ್ಟ ಬಾಗಿಲು ಇರಬೇಕು.

ನಾನು ಟೇಬಲ್ ಮುಟ್ಟುವವನೇ ಅಲ್ಲ. ಸೀರೆ, ಪಂಚೆ, ರೆಡಿಮೇಡ್, ಉದ್ರಿ, ವಾಪಸು, ಮಾಲೀಕರ ಪುಟ ಅಂತ ಆರು ಕಸ್ಟಮ್ ವ್ಯೂ ಇಟ್ಟಿದ್ದೆ. ಒಂದು ಒತ್ತಿದರೆ ಬೇಕಾದ ಕಾಲಂ ಮಾತ್ರ ಕಾಣಬೇಕು, ಪ್ರಿಂಟ್ ಸೆಟ್ಟಿಂಗ್ ಸಮೇತ. ಅವನ್ನು ಮಾಡಲು ನನಗೆ ಒಂದು ದೀಪಾವಳಿ ರಜೆ ಪೂರ್ತಿ ಹಿಡಿದಿತ್ತು. ಹೊಸ ಹುಡುಗ ಬಂದ. ಚಂದ ಕಾಣಲಿ ಅಂತ ಮೂಲೆಯಲ್ಲಿದ್ದ ಒಂದು ಶೀಟಿನಲ್ಲಿ ಎಂಟು ಸಾಲಿನ ಒಂದು ಟೇಬಲ್ ಮಾಡಿದ. ಅಷ್ಟೇ. ಇಡೀ ಫೈಲಿಗೆ ಕಸ್ಟಮ್ ವ್ಯೂಸ್ ಮಂಕು! ಫೈಲಿನಲ್ಲಿ ಎಲ್ಲಾದರೂ ಒಂದು ಟೇಬಲ್ ಇದ್ದರೆ ಸಾಕು, ಅದು ಕೆಲಸ ಮಾಡುವುದಿಲ್ಲ. ಹದಿನೈದು ದಿನ ನಾನು ಕಾಲಂಗಳನ್ನು ಕೈಯಲ್ಲೇ ಮುಚ್ಚಿ ತೆರೆದು ಪ್ರಿಂಟ್ ಕೊಟ್ಟೆ. ಹುಡುಗ ಬಾಯಿ ಬಿಡಲಿಲ್ಲ. ಒಂದು ದಿನ ಟೀ ಕುಡಿಯುವಾಗ ಅವನೇ ಹೇಳಿದ, 'ಸಾರ್, ನಾನೊಂದು ಟೇಬಲ್ ಮಾಡಿದ್ದೆ, ನೋಡಿದ್ರಾ?' ಅವನ ಖುಷಿ ನೋಡಿ ಬೈಯಲೂ ಆಗಲಿಲ್ಲ.

ಕೊಪ್ಪಳ ಮೇಷ್ಟ್ರು:
ನಿಮಗೆಲ್ಲ ಮೆನು ಕಾಣದ ಚಿಂತೆ. ನನಗೆ ಮೆನು ಕಂಡರೂ ಓದಲು ಆಗುತ್ತಿರಲಿಲ್ಲ. ಶಾಲೆಯ 412 ಮಕ್ಕಳ ಹೆಸರು ಹಳೆಯ ನುಡಿ ಫಾಂಟಿನಲ್ಲಿ ಹೊಡೆದದ್ದು, ಯೂನಿಕೋಡ್ ಅಲ್ಲ. ಒಳಗಿರುವುದು ಇಂಗ್ಲಿಷ್ ಅಕ್ಷರ, ಫಾಂಟ್ ಅದನ್ನು ಕನ್ನಡವಾಗಿ ತೋರಿಸುತ್ತದೆ ಅಷ್ಟೇ. ಟೇಬಲ್ ಮಾಡಿದೆ. ಮನೆಗಳಲ್ಲಿ ಕನ್ನಡ ಚೆನ್ನಾಗಿ ಕಾಣುತ್ತದೆ. ತಲೆಸಾಲಿನ ಬಾಣ ಒತ್ತಿದರೆ ಇಳಿಯುವ ಪಟ್ಟಿಯಲ್ಲಿ ಬರೀ ಇಂಗ್ಲಿಷ್ ಅಕ್ಷರದ ಕಸ. ಫಾಂಟ್ ನಾವು ಕೊಟ್ಟದ್ದು ಮನೆಗೆ ಮಾತ್ರ, ಆ ಪಟ್ಟಿಗೆ ಅಲ್ಲ. ಸೂತ್ರದಲ್ಲಿ ಕಾಲಂ ಹೆಸರು ಬಂದರೆ ಅದೂ ಕಸ. ಅ ಇಂದ ಕ್ಷ ವರೆಗೆ ಜೋಡಿಸು ಅಂದರೆ ಅದು ಒಳಗಿರುವ ಇಂಗ್ಲಿಷ್ ಅಕ್ಷರ ನೋಡಿ ಜೋಡಿಸುತ್ತದೆ. ಹಾಜರಿ ಪಟ್ಟಿಯಲ್ಲಿ ಅನುಸೂಯಗಿಂತ ಯಲ್ಲಪ್ಪ ಮೊದಲು!

ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿದೆ. ಅರ್ಕಾವತ್ತು ಇದ್ದ ಹೆಸರುಗಳಲ್ಲಿ ಕೆಲವು ಕೆಟ್ಟವು. ದುರ್ಗಮ್ಮ, ಕೀರ್ತಿ, ಪಾರ್ವತಿ, ಎಲ್ಲರನ್ನೂ ಒಬ್ಬೊಬ್ಬರಾಗಿ ಹುಡುಕಿ ಸರಿ ಮಾಡಿದೆ. ಮೂರು ವಾರ, ಶಾಲೆ ಬಿಟ್ಟ ಮೇಲೆ ದಿನಾ ಒಂದು ಗಂಟೆ. ಈಗ ಬಾಣ ಒತ್ತಿದರೆ ಮಕ್ಕಳ ಹೆಸರು ಸಾಲಾಗಿ ಕನ್ನಡದಲ್ಲಿ ಇಳಿಯುತ್ತವೆ. ಸುಮ್ನೆ ಒತ್ತಿ ನೋಡುತ್ತಿರುತ್ತೇನೆ.

ದಾವಣಗೆರೆ ಹಳೇ ಗುಮಾಸ್ತ:
ಮೇಷ್ಟ್ರೇ, ನುಡಿಯನ್ನು ಬೈಯಬೇಡಿ. ಅದಿಲ್ಲದಿದ್ದರೆ ನಾವು ಕನ್ನಡದಲ್ಲಿ ಒಂದು ಬಿಲ್ಲನ್ನೂ ಬರೆಯುತ್ತಿರಲಿಲ್ಲ.

ಕೊಪ್ಪಳ ಮೇಷ್ಟ್ರು:
ಬೈದಿದ್ದು ಯಾರು ಸ್ವಾಮಿ? ಹೊಡೆದವನು ನಾನೇ, ಬದಲಾಯಿಸಿದವನೂ ನಾನೇ. ನುಡಿ ಕೀಬೋರ್ಡಿನಲ್ಲೇ ಯೂನಿಕೋಡ್ ಹೊಡೆಯಬಹುದು, ನಾನು ಈಗ ಹಾಗೆಯೇ ಮಾಡುವುದು. ಹಳೆಯ ಫಾಂಟಿನಲ್ಲೇ ಹೊಡೆಯುತ್ತೇವೆ ಅನ್ನುವವರ ಫೈಲ್ ಬಂದಾಗ ಮಾತ್ರ ಸಿಟ್ಟು ಬರುತ್ತದೆ.

ದಾವಣಗೆರೆ ಹಳೇ ಗುಮಾಸ್ತ:
ನನ್ನ ಫೈಲ್ ನಿಮಗೆ ಕಳಿಸುವುದಿಲ್ಲ, ಸಮಾಧಾನವಾಗಿರಿ.

ಮಸ್ಕತ್ ಕನ್ನಡಿಗ:
ಶೀಟ್ ಪ್ರೊಟೆಕ್ಟ್ ಆಗಿದೆಯಾ ನೋಡಿ. ನಮ್ಮಲ್ಲಿ ಹಳೆಯ ಮ್ಯಾನೇಜರ್ ಪಾಸ್‌ವರ್ಡ್ ಹಾಕಿ ಕೆಲಸ ಬಿಟ್ಟು ಹೋದರು. ಸಾಲು ಸೇರಿಸಲು ಅನುಮತಿ ಇದೆ ಅಂತ ಟಿಕ್ ಇತ್ತು, ಆದರೂ ಟೇಬಲ್ ಒಂದು ಸಾಲೂ ಬೆಳೆಯಲಿಲ್ಲ. ಪ್ರೊಟೆಕ್ಟ್ ಆದ ಶೀಟಿನಲ್ಲಿ ಟೇಬಲ್ ಹಾಗೆಯೇ. ಅವರಿಗೆ ಮೂರು ಸಲ ಫೋನ್ ಮಾಡಿದೆ. ಮೂರನೇ ಸಲ ಹೇಳಿದರು, ಪಾಸ್‌ವರ್ಡ್ ಅವರ ಮಗನ ಹುಟ್ಟುಹಬ್ಬ, ಆದರೆ ಯಾವ ಮಗ ಅಂತ ನೆನಪಿಲ್ಲವಂತೆ.

ಉಡುಪಿ ಲಿಬ್ರೆ:
ಇವರ ಸಬ್‌ಟೋಟಲ್‌ಗೂ ಅದಕ್ಕೂ ಏನು ಸಂಬಂಧ?

ಮಸ್ಕತ್ ಕನ್ನಡಿಗ:
ನಿಮ್ಮ ಲಿಬ್ರೆಗೂ ಇವರ ಪಾತ್ರೆಗೂ ಇರುವಷ್ಟು.

ಹಾಸನದ ಓದುಗಿ:
ಸರ್, ನಾನು ಬರೆಯುವುದು ಕಡಿಮೆ, ತಪ್ಪಿದ್ದರೆ ತಿದ್ದಿ. ಮಾರ್ಚ್ ಶೀಟಿನಲ್ಲಿ ಬಾಣ ಇಲ್ಲ, ಟ್ಯಾಬ್ ಬರುವುದಿಲ್ಲ, ಆದರೆ ಸಬ್‌ಟೋಟಲ್ ಕೆಲಸ ಮಾಡುತ್ತದೆ ಅಂದಿದ್ದೀರಿ. ಹಾಗಾದರೆ ಮಾರ್ಚ್ ಈಗ ಟೇಬಲ್ಲೇ ಅಲ್ಲ, ಬಣ್ಣ ಉಳಿದ ಸಾದಾ ಸಾಲುಗಳು. ಯಾರೋ ಕನ್ವರ್ಟ್ ಟು ರೇಂಜ್ ಮಾಡಿದ್ದಾರೆ. ಹಾಗೆ ಮಾಡಿದಾಗ ಟೇಬಲ್ ಹೋಗುತ್ತದೆ, ಬಣ್ಣ ಹಾಗೇ ಉಳಿಯುತ್ತದೆ. ಅದಕ್ಕೇ ಎರಡೂ ಒಂದೇ ಥರ ಕಾಣುತ್ತಿವೆ. ಏಪ್ರಿಲ್ ನಿಜವಾದ ಟೇಬಲ್. ಟೇಬಲ್ ಒಳಗೆ ಡೇಟಾದ ಸಬ್‌ಟೋಟಲ್ ಯಾವತ್ತೂ ಮಂಕೇ. ಕೆಟ್ಟಿಲ್ಲ, ಅದು ಇರುವುದೇ ಹಾಗೆ.

ಮಾರ್ಚ್ ಮತ್ತೆ ಟೇಬಲ್ ಆಗಬೇಕಾದರೆ, ಸಬ್‌ಟೋಟಲ್ ಹಾಕಿದ್ದರೆ ಮೊದಲು ಅದೇ ಪೆಟ್ಟಿಗೆಯ ರಿಮೂವ್ ಆಲ್ ಒತ್ತಿ ತೆಗೆಯಿರಿ. ಆಮೇಲೆ ಒಳಗೆ ಒಂದು ಮನೆ ಹಿಡಿದು ಕಂಟ್ರೋಲ್ ಟಿ. ಏಪ್ರಿಲ್‌ನಲ್ಲಿ ಪಾರ್ಟಿವಾರು ಬಾಕಿಗೆ ಎರಡು ದಾರಿ. ಟೇಬಲ್ ಉಳಿಯಲಿ ಅಂದರೆ ಕಂಟ್ರೋಲ್ ಶಿಫ್ಟ್ ಟಿ ಒತ್ತಿ. ಕೆಳಗೆ ಟೋಟಲ್ ಸಾಲು ಬರುತ್ತದೆ, ಬಾಕಿ ಕಾಲಂ ಕೆಳಗೆ ಸಮ್ ಆರಿಸಿ. ಆಮೇಲೆ ಬಾಣದಿಂದ ಪಾರ್ಟಿ ಆರಿಸಿದರೆ ಕಾಣುವ ಸಾಲುಗಳನ್ನು ಮಾತ್ರ ಕೂಡುತ್ತದೆ. ಎಲ್ಲರದ್ದೂ ಒಂದೇ ಹಾಳೆಯಲ್ಲಿ ಬೇಕಾದರೆ ಶೀಟಿನ ಒಂದು ಕಾಪಿ ಮಾಡಿ. ಆ ಕಾಪಿಯಲ್ಲಿ ಕನ್ವರ್ಟ್ ಟು ರೇಂಜ್ ಮಾಡಿ, ಪಾರ್ಟಿ ಹೆಸರಿನ ಮೇಲೆ ಸಾರ್ಟ್ ಮಾಡಿ, ಆಮೇಲೆ ಸಬ್‌ಟೋಟಲ್ ಹಾಕಿ. ಸಾರ್ಟ್ ಮರೆತರೆ ಒಬ್ಬರದ್ದೇ ಲೆಕ್ಕ ನಾಲ್ಕು ಕಡೆ ಚೂರಾಗಿ ಬರುತ್ತದೆ. ನನಗೆ ಹಾಗಾಗಿತ್ತು. ಸಂಘದ ಸಭೆಯಲ್ಲಿ, ಪ್ರಿಂಟ್ ಎಲ್ಲರ ಕೈಗೂ ಹೋದ ಮೇಲೆ.

ಪೀಣ್ಯ ಎಂಐಎಸ್:
ಇದನ್ನೇ ನಾನೂ ಹೇಳುವವನಿದ್ದೆ.

ಶಿರಸಿ ತೂಕದ ಚೀಟಿ:
ಹೌದಾ? 4,200 ರೂಪಾಯಿ ಕಥೆಯ ಯಾವ ಸಾಲಿನಲ್ಲಿತ್ತು?

ತುಮಕೂರು ಶಾಮಿಯಾನ:
ಓದುಗಿ ಮೇಡಂ, ನೀವು ಹೇಳಿದ್ದೇ ಸರಿ. ನನ್ನ ಭಾಮೈದನನ್ನು ಕೇಳಿದೆ. ಮಾರ್ಚ್ ಕೊನೆಗೆ ಸಬ್‌ಟೋಟಲ್ ಬರಲಿಲ್ಲ ಅಂತ ಅವನೇ ಏನೋ ಒತ್ತಿದ್ದನಂತೆ, 'ಬಂತಲ್ಲ ಭಾವ, ಮತ್ತೇನು?' ಅಂದ. ಟೋಟಲ್ ಸಾಲು ಹಾಕಿದೆ. ಬಾಕಿ ಸಿಕ್ಕಿತು. ಜೊತೆಗೆ ಇನ್ನೊಂದು ಸಿಕ್ಕಿತು. ಸಾಮಾನು ಕಾಲಂನಲ್ಲಿ ಕೊಳಗ ಅಂತ ಮಾತ್ರ ಆರಿಸಿ ನೋಡಿದರೆ ಏಪ್ರಿಲ್‌ನಲ್ಲಿ ಹೋದದ್ದು 38, ವಾಪಸು ಬಂದದ್ದು 35. ಮೂರು ಕೊಳಗ ಯಾವ ಮದುವೆ ಮನೆಯ ಅಡುಗೆ ಕೋಣೆಯಲ್ಲಿ ಕುಳಿತಿವೆಯೋ, ಈಗ ಫೋನ್ ಹಿಡಿದು ಕುಳಿತಿದ್ದೇನೆ.

ದಾವಣಗೆರೆ ಹಳೇ ಗುಮಾಸ್ತ:
ಪಾತ್ರೆ ಪುಸ್ತಕದಲ್ಲಿ ಸಹಿ ಹಾಕಿಸಿಕೊಳ್ಳುವುದಿಲ್ಲವೇ?

ತುಮಕೂರು ಶಾಮಿಯಾನ:
ಪುಸ್ತಕ ಭಾಮೈದನ ಹತ್ತಿರ ಇದೆ.

ಪೀಣ್ಯ ಎಂಐಎಸ್:
ಆಯುಧಪೂಜೆಗೆ 150 ಕುರ್ಚಿ ಬೇಕಾಗುತ್ತದೆ. ಪೀಣ್ಯಕ್ಕೆ ಕಳಿಸುತ್ತೀರಾ?

ತುಮಕೂರು ಶಾಮಿಯಾನ:
ಕಳಿಸುತ್ತೇವೆ. ಗಾಡಿ ಬಾಡಿಗೆ ಬೇರೆ.

ಪೀಣ್ಯ ಎಂಐಎಸ್:
ಬಿಲ್ ಕೊಡಬೇಕು.