1968ರ ಡೆಟ್ರಾಯಿಟ್ ಟೈಗರ್ಸ್ ಮರು-ಆಟ: ರನ್ ಮಿತಿಮೀರಿ ಬರುತ್ತಿವೆ, ತಪ್ಪು ಎಲ್ಲಿದೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಸ್ಟ್ರಾಟ್-ಓ-ಮ್ಯಾಟಿಕ್ ಎಂಬ ಬೇಸ್‌ಬಾಲ್ ಮೇಜಿನಾಟದ ಕಾರ್ಡುಗಳನ್ನು (ಒಬ್ಬೊಬ್ಬ ಆಟಗಾರನ ಆ ವರ್ಷದ ಅಂಕಿಅಂಶಗಳಿಂದ ಮಾಡಿದವು) ಇಟ್ಟುಕೊಂಡು, 1968ರ ಡೆಟ್ರಾಯಿಟ್ ಟೈಗರ್ಸ್ ತಂಡದ 162 ಪಂದ್ಯಗಳನ್ನೂ ದಾಳ ಉರುಳಿಸಿ ಮತ್ತೊಮ್ಮೆ ಆಡುವ ಕೆಲಸಕ್ಕೆ ಕೈಹಾಕಿದ್ದೇನೆ. ನಲವತ್ತು ಪಂದ್ಯಗಳು ಮುಗಿದಿದ್ದು, ನನ್ನ ಟೈಗರ್ಸ್ 212 ರನ್ ಗಳಿಸಿದ್ದಾರೆ, ಪಂದ್ಯಕ್ಕೆ 5.3 ಆಯಿತು. ನಿಜವಾದ ಸೀಸನ್ನಿನಲ್ಲಿ ಅವರ ಒಟ್ಟು ರನ್ 671, ಅಂದರೆ ಪಂದ್ಯಕ್ಕೆ ಸುಮಾರು 4.14 ಮಾತ್ರ. ಅಮೆರಿಕನ್ ಲೀಗಿನ ಒಟ್ಟು ಬ್ಯಾಟಿಂಗ್ ಸರಾಸರಿ (ಅಟ್-ಬ್ಯಾಟ್‌ಗೆ, ಅಂದರೆ ಲೆಕ್ಕಕ್ಕೆ ಬರುವ ಬ್ಯಾಟಿಂಗ್ ಸರದಿಗೆ, ಬಂದ ಹಿಟ್‌ಗಳ ಪ್ರಮಾಣ) .230ಕ್ಕೆ ಕುಸಿದು, ಪಿಚರ್‌ಗಳ (ಚೆಂಡು ಎಸೆಯುವವರ) ವರ್ಷವೆಂದೇ ಹೆಸರಾದ ಆ ವರ್ಷ ನನ್ನ ಮೇಜಿನ ಮೇಲೆ ಕಾಣಿಸುತ್ತಲೇ ಇಲ್ಲ.

ಎದುರು ಬಲಗೈ ಪಿಚರ್ ಇದ್ದಾಗಲೆಲ್ಲ ವಿಲ್ಲಿ ಹಾರ್ಟನ್ ಬದಲು ಗೇಟ್ಸ್ ಬ್ರೌನ್‌ನನ್ನು ಆಡಿಸುತ್ತೇನೆ. ಶಾರ್ಟ್‌ಸ್ಟಾಪ್ (ಎರಡನೇ ಮತ್ತು ಮೂರನೇ ಬೇಸ್ ನಡುವಿನ ಫೀಲ್ಡರ್) ಜಾಗದಲ್ಲಿ ಮೊದಲ ಪಂದ್ಯದಿಂದಲೂ ಮಿಕ್ಕಿ ಸ್ಟ್ಯಾನ್ಲಿ ಇದ್ದಾನೆ. ಎದುರಾಳಿ ತಂಡದ ಪಿಚರ್‌ನನ್ನು, ಪಕ್ಷಪಾತವಾಗಬಾರದೆಂದು, ಚೀಟಿ ಎತ್ತಿ ಆರಿಸುತ್ತೇನೆ. ದಾಳವನ್ನೂ ಕಾರ್ಡನ್ನೂ ನಿಯಮದಂತೆಯೇ ಓದುತ್ತಿದ್ದೇನೆ. ಇದು ಬರೀ ದಾಳದ ಅದೃಷ್ಟವೇ, ಅಥವಾ ಎಲ್ಲೋ ತಪ್ಪುತ್ತಿದ್ದೇನೆಯೇ?

ಉತ್ತರ

ನಮಸ್ಕಾರ. ನಲವತ್ತು ಪಂದ್ಯಗಳಿಗೆ ಸುಮಾರು 166 ರನ್ ಬರಬೇಕಿತ್ತು, ನಿಮಗೆ 46 ಹೆಚ್ಚು ಬಂದಿವೆ. ಹದಿನೈದಿಪ್ಪತ್ತು ರನ್ ಹೆಚ್ಚು-ಕಡಿಮೆಯಾಗಿದ್ದರೆ ದಾಳದ ಮೇಲೆ ಹಾಕಿ ಸುಮ್ಮನಿರಬಹುದಿತ್ತು. ಇಷ್ಟೊಂದು ಅಂತರಕ್ಕೆ ಬೇರೆ ಕಾರಣ ಇರಲೇಬೇಕು, ಮತ್ತು ಅದು ನಿಮ್ಮ ಪ್ರಶ್ನೆಯಲ್ಲೇ ಇದೆ.

ಮೊದಲು ಬ್ರೌನ್‌ನ ವಿಷಯ. 1968ರಲ್ಲಿ ಆತನ ಸರಾಸರಿ .370 ಎಂಬುದು ನಿಜ, ಆದರೆ ಅದು ವರ್ಷವಿಡೀ ಸೇರಿ ಕೇವಲ 92 ಅಟ್-ಬ್ಯಾಟ್‌ಗಳಲ್ಲಿ ಬಂದದ್ದು. ಹೆಚ್ಚಾಗಿ ಪಿಂಚ್ ಹಿಟರ್ (ಬೇರೊಬ್ಬನ ಬದಲು ಬ್ಯಾಟ್ ಮಾಡುವವ) ಆಗಿ, ತಂಡಕ್ಕೆ ಒಂದು ಹಿಟ್ ಬೇಕೇ ಬೇಕಾದ ಗಳಿಗೆಯಲ್ಲಿ ಆತ ಬ್ಯಾಟ್ ಹಿಡಿದು ಬರುತ್ತಿದ್ದ. ಕಾರ್ಡಿಗೆ ಮಾತ್ರ ಇದಾವುದೂ ತಿಳಿಯದು. ನೂರು ಸಲ ಆಡಿಸಿದರೂ ಐನೂರು ಸಲ ಆಡಿಸಿದರೂ ಅದು ಅದೇ .370ರ ಲೆಕ್ಕದಲ್ಲೇ ಹಿಟ್ ಕೊಡುತ್ತಾ ಹೋಗುತ್ತದೆ. ನಿಮ್ಮ ಸ್ಕೋರ್ ಪುಸ್ತಕದಲ್ಲಿ ಆತನಿಗೆ ಈವರೆಗೆ ಎಷ್ಟು ಅಟ್-ಬ್ಯಾಟ್ ಸಿಕ್ಕಿವೆ ಎಂದು ದಯವಿಟ್ಟು ಎಣಿಸಿ ನೋಡಿ.

ಎರಡನೆಯದು ಶಾರ್ಟ್‌ಸ್ಟಾಪ್. ಸೀಸನ್ನಿನ ಕೊನೆಯ ಚಾಂಪಿಯನ್‌ಶಿಪ್ ಸರಣಿಯಾದ ವರ್ಲ್ಡ್ ಸೀರೀಸ್‌ನಲ್ಲಿ ತಂಡದ ಮ್ಯಾನೇಜರ್ ಮೇಯೊ ಸ್ಮಿತ್ ಅವರು ಸ್ಟ್ಯಾನ್ಲಿಯನ್ನು ಅಲ್ಲಿಗೆ ತಂದದ್ದು ಎಲ್ಲರಿಗೂ ನೆನಪಿರುವುದರಿಂದ, ಈ ಸೀಸನ್ ಆಡುವ ಅನೇಕರು ಏಪ್ರಿಲ್‌ನಲ್ಲೇ ಆ ಬದಲಾವಣೆ ಮಾಡಿಬಿಡುತ್ತಾರೆ. ಲೀಗ್ ಪಂದ್ಯಗಳಲ್ಲಿ ಸ್ಟ್ಯಾನ್ಲಿ ಅಲ್ಲಿ ಆಡಿದ್ದು ಒಂಬತ್ತು ಪಂದ್ಯಗಳಲ್ಲಿ ಮಾತ್ರ. ಉಳಿದ ಕಾಲದಲ್ಲಿ ಹೆಚ್ಚಾಗಿ ಆ ಜಾಗ ಕಾದವನು ರೇ ಆಯ್ಲರ್. 215 ಅಟ್-ಬ್ಯಾಟ್, 29 ಹಿಟ್, ಸರಾಸರಿ .135. ಅಂಥ ಬ್ಯಾಟರ್‌ನನ್ನು ಆಡಿಸಲು ಯಾರಿಗೂ ಮನಸ್ಸು ಬರುವುದಿಲ್ಲ ಎಂಬುದನ್ನು ಬಲ್ಲೆ, ಆದರೂ 103 ಪಂದ್ಯ ಗೆದ್ದ ತಂಡ ಆತನನ್ನು ಇಟ್ಟುಕೊಂಡೇ ಗೆದ್ದಿತು, ಆ 671 ರನ್ನೂ ಆತ ಇದ್ದುಕೊಂಡೇ ಬಂದದ್ದು.

ಮೂರನೆಯದು ಚೀಟಿ, ನನ್ನ ಅಭಿಪ್ರಾಯದಲ್ಲಿ ಇದೇ ದೊಡ್ಡ ತಪ್ಪು. ಒಂದು ಉರುಳನ್ನು ನೋಡೋಣ: ಮೊದಲ ದಾಳದಲ್ಲಿ 5 ಬಿತ್ತು, ಉಳಿದೆರಡರ ಮೊತ್ತ 7. ಮೊದಲ ದಾಳ 1ರಿಂದ 3 ಆಗಿದ್ದರೆ ಬ್ಯಾಟರ್‌ನ ಕಾರ್ಡ್, 4ರಿಂದ 6 ಆಗಿದ್ದರೆ ಪಿಚರ್‌ನ ಕಾರ್ಡ್. ಹಾಗಾಗಿ ಇಲ್ಲಿ ಪಿಚರ್‌ನ ಕಾರ್ಡಿನ 5 ಎಂಬ ಅಂಕಣದಲ್ಲಿ 7 ಎಂದು ಗುರುತಿರುವ ಸಾಲನ್ನು ಓದಬೇಕು. ಎರಡು ದಾಳಗಳ ಮೊತ್ತ 36ರಲ್ಲಿ ಆರು ಬಾರಿ 7 ಆಗುವುದರಿಂದ ಆ ಅಂಕಣದಲ್ಲಿ ಅದಕ್ಕಿಂತ ತೂಕದ ಸಾಲು ಇನ್ನೊಂದಿಲ್ಲ. ಹೀಗೆ ಆಟದ ಅರ್ಧದಷ್ಟು ಫಲಿತಾಂಶ ಪಿಚರ್‌ನ ಕಾರ್ಡಿನಿಂದಲೇ ಬರುತ್ತದೆ, ಮತ್ತು ಬ್ಯಾಟರ್‌ನ ಕಾರ್ಡನ್ನು ಸಿದ್ಧಪಡಿಸುವಾಗ ಎದುರಿಗೆ ಆ ವರ್ಷದ ಸರಾಸರಿ ಮಟ್ಟದ ಪಿಚಿಂಗ್ ಇರುತ್ತದೆಂಬ ಲೆಕ್ಕವೇ ಇರುತ್ತದೆ. ಕ್ಲೀವ್‌ಲ್ಯಾಂಡ್ ತಂಡದಲ್ಲಿ 1.60 ಇಆರ್‌ಎ (ಒಂಬತ್ತು ಇನಿಂಗ್ಸ್‌ಗೆ ಪಿಚರ್ ಬಿಟ್ಟುಕೊಡುವ ರನ್‌ಗಳ ಸರಾಸರಿ, ಫೀಲ್ಡಿಂಗ್ ತಪ್ಪಿನಿಂದ ಬಂದವನ್ನು ಬಿಟ್ಟು) ಇದ್ದ ಲೂಯಿಸ್ ಟಿಯಾಂಟ್, 1.81 ಇದ್ದ ಸ್ಯಾಮ್ ಮೆಕ್‌ಡೊವೆಲ್ ಇಬ್ಬರೇ ಸೇರಿ ಐನೂರಕ್ಕೂ ಹೆಚ್ಚು ಇನಿಂಗ್ಸ್ ಎಸೆದಿದ್ದಾರೆ. ಚೀಟಿ ಎತ್ತಿದರೆ ಅವರಿಗೂ, ವರ್ಷಕ್ಕೆ ಇಪ್ಪತ್ತು-ಮೂವತ್ತು ಇನಿಂಗ್ಸ್ ಎಸೆದವನಿಗೂ ಸಮಪಾಲು. ಇದರಿಂದ ಲೀಗಿನ ಅತ್ಯುತ್ತಮ ಪಿಚಿಂಗ್ ಮೇಜಿನಿಂದ ಮಾಯವಾಗುತ್ತದೆ.

ಹಳೆಯ ಪಂದ್ಯಗಳ ದಾಖಲೆಯಿರುವ ರೆಟ್ರೋಶೀಟ್ ತಾಣದಲ್ಲಿ 1968ರ ಪ್ರತಿಯೊಂದು ಪಂದ್ಯದ ಬಾಕ್ಸ್ ಸ್ಕೋರ್ (ಆಡಿದವರ ಅಂಕಪಟ್ಟಿ) ಉಚಿತವಾಗಿ ಸಿಗುತ್ತದೆ. ಅಲ್ಲಿರುವ ಪಿಚರ್‌ನನ್ನೇ ಆಯಾ ಪಂದ್ಯಕ್ಕೆ ಇಳಿಸಿ.

ಪ್ರಶ್ನೆ ಕೇಳಿದವರು

ಧನ್ಯವಾದಗಳು ಸರ್. ಎಣಿಸಿ ನೋಡಿದೆ: ಬ್ರೌನ್ 112 ಅಟ್-ಬ್ಯಾಟ್, 43 ಹಿಟ್. ನಲವತ್ತೇ ಪಂದ್ಯಗಳಲ್ಲಿ ಆತನ ಇಡೀ ವರ್ಷದ ಪಾಲನ್ನು ಮೀರಿಸಿಬಿಟ್ಟಿದ್ದೇನೆ. ಇನ್ನು ಅಲ್ ಕೇಲೈನ್‌ನನ್ನು ಏನು ಮಾಡಲಿ? ಆತನನ್ನು ಎಲ್ಲ ಪಂದ್ಯಗಳಲ್ಲೂ ಆಡಿಸಿದ್ದೇನೆ. ಈ ನಲವತ್ತು ಪಂದ್ಯಗಳನ್ನು ಉಳಿಸಿಕೊಳ್ಳಬಹುದೇ?

ಉತ್ತರ

ಕೇಲೈನ್ ವಿಷಯದಲ್ಲಿ ಈವರೆಗೆ ದೊಡ್ಡ ತಪ್ಪೇನೂ ಆಗಿಲ್ಲ. ಮೇ ತಿಂಗಳ ಕೊನೆಯ ಭಾಗದಲ್ಲಿ ಚೆಂಡು ಬಡಿದು ತೋಳಿನ ಮೂಳೆ ಮುರಿದು, ಒಂದು ತಿಂಗಳಿಗೂ ಹೆಚ್ಚು ಕಾಲ ಆತ ಹೊರಗುಳಿದ. ನಿಮ್ಮ ವೇಳಾಪಟ್ಟಿ ಸರಿಸುಮಾರು ಅಲ್ಲಿಗೇ ಬಂದು ನಿಂತಿದೆ. ವರ್ಷವಿಡೀ ಆತ ಆಡಿದ್ದು 102 ಪಂದ್ಯ. ಗಾಯವನ್ನು ದಾಳಕ್ಕೆ ಬಿಡುವವರೂ ಇದ್ದಾರೆ. ನಿಮಗೆ ಬೇಕಾಗಿರುವುದು 1968 ಆದ್ದರಿಂದ, ಅದೇ ದಿನಾಂಕಕ್ಕೆ ಆತನನ್ನು ಹೊರಗಿಡುವುದು ಸೂಕ್ತ.

ಆ ನಲವತ್ತು ಪಂದ್ಯಗಳನ್ನು ಉಳಿಸಿಕೊಳ್ಳಬೇಕಾದರೆ ಉಳಿದ 122 ಪಂದ್ಯಗಳಲ್ಲಿ ಬ್ರೌನ್ ಒಮ್ಮೆಯೂ ಮೈದಾನಕ್ಕೆ ಇಳಿಯುವಂತಿಲ್ಲ. ಆತನಿಲ್ಲದ 1968ರ ಡೆಟ್ರಾಯಿಟ್ ಬೇಸಿಗೆಯನ್ನು ಆಡುವುದಕ್ಕೆ ನನಗಂತೂ ಮನಸ್ಸಾಗದು. ಮೊದಲಿನಿಂದ ಆರಂಭಿಸಿ ಎಂದೇ ನನ್ನ ಸಲಹೆ.

ಪ್ರಶ್ನೆ ಕೇಳಿದವರು

ಹೊಸದಾಗಿ ಆರಂಭಿಸಿ ಇಪ್ಪತ್ತು ಪಂದ್ಯ ಮುಗಿಸಿದೆ: 85 ರನ್, ಪಂದ್ಯಕ್ಕೆ 4.25. ಬ್ರೌನ್‌ನ ಕಾರ್ಡಿನ ಪಕ್ಕದಲ್ಲಿ 92 ಎಂದು ಬರೆದ ಚೀಟಿ ಇಟ್ಟು, ಪ್ರತಿ ಅಟ್-ಬ್ಯಾಟ್‌ಗೂ ಒಂದೊಂದು ಕಳೆಯುತ್ತಿದ್ದೇನೆ. ನಿನ್ನೆ ಒಂಬತ್ತನೇ ಇನಿಂಗ್ಸ್‌ನಲ್ಲಿ, ಇಬ್ಬರು ಔಟಾಗಿದ್ದಾಗ, ಆಯ್ಲರ್ ಬದಲು ಆತನನ್ನು ಕಳುಹಿಸಿದೆ; ಸಿಂಗಲ್ ಬಂತು, ಗೆದ್ದೆವು. ಚೀಟಿಯಲ್ಲಿ ಈಗ 81 ಇದೆ.