ಭಟ್ರ ಜಾಡಿಯ ಬುಡದಲ್ಲಿ ಚಕ್ರವರ್ತಿ

ನ್ಯೂಜೆರ್ಸಿಗೆ ಬಂದಾಗಿನಿಂದ ನಮ್ಮ ಭಟ್ರಿಗೆ ಗರಾಜ್ ಸೇಲ್ ಹುಚ್ಚು. ಅಕ್ಕಪಕ್ಕದವರು ಮನೆಯಿಂದ ಹೊರಗೆ ಹಾಕಿದ್ದೆಲ್ಲ ಇವರ ಮನೆ ಸೇರುತ್ತದೆ. ಈ ಸಲ ತಂದದ್ದು ಹದಿನೈದು ಡಾಲರಿನ ಚೀನೀ ಶುಂಠಿ ಜಾಡಿ. ದಟ್ಟ ನೀಲಿ ಮೈ, ಮೇಲೆಲ್ಲ ಬಿಳಿ ಹೂವಿನ ಕೊಂಬೆ. ನಾವು ಕಾಫಿಗೆ ಕೂರುತ್ತಿದ್ದ ಹಾಗೇ ಅದನ್ನು ಮೇಜಿನ ಮೇಲೆ ಬೋರಲು ಹಾಕಿದರು.

"ಬುಡ ನೋಡಿ. ಎರಡು ನೀಲಿ ಉಂಗುರ, ಒಳಗೆ ನಾಲ್ಕು ಅಕ್ಷರ. ಫೋನಿಗೆ ತೋರಿಸಿ ಓದಿಸಿದೆ. ಕಾಂಗ್‌ಷಿ ಚಕ್ರವರ್ತಿಯ ಕಾಲದಲ್ಲಿ ಮಾಡಿದ್ದು ಅಂತಿದೆ. 1662ರಿಂದ 1722. ಅಲ್ಲಿ ಅವನು, ಮೈಸೂರಲ್ಲಿ ಚಿಕ್ಕದೇವರಾಜ ಒಡೆಯರು!"

ರಾಯರು ಬಿಸ್ಕತ್ತು ಅದ್ದುತ್ತಾ, "ಬೋರ್ಡಲ್ಲಿ ಉಡುಪಿ ಅಂತ ಬರೆಸಿದ ಹೋಟೆಲಿನವರೆಲ್ಲ ಉಡುಪಿಯವರಾ ಭಟ್ರೇ?" ಎಂದರು.

ಭಟ್ರು ಮುಖ ದಪ್ಪ ಮಾಡಿಕೊಂಡು ಮೇಷ್ಟ್ರ ಕಡೆ ತಿರುಗಿದರು. ರಿಟೈರ್ ಆದಮೇಲೆ ಮೇಷ್ಟ್ರು ಪಿಂಗಾಣಿ ಬಿಟ್ಟು ಬೇರೇನೂ ಓದಿಲ್ಲ. ಅವರು ಜಾಡಿಯನ್ನು ಕೈಗೆ ತೆಗೆದುಕೊಂಡು ನಕ್ಕರು.

"ತಮಾಷೆ ಏನು ಗೊತ್ತಾ? ಕಾಂಗ್‌ಷಿ ಕಾಲದ ಎಷ್ಟೋ ಪಾತ್ರೆಗಳ ಮೇಲೆ ಕಾಂಗ್‌ಷಿ ಹೆಸರೇ ಇರಲ್ಲ."

"ಯಾಕೆ, ಮರೆತುಬಿಟ್ರಾ?"

"ಹೆದರಿಬಿಟ್ರು. ಪಿಂಗಾಣಿ ಮಾಡೋ ಊರು ಜಿಂಗ್‌ಡೆಝೆನ್. 1677ರಲ್ಲಿ ಅಲ್ಲಿನ ಅಧಿಕಾರಿ ಒಂದು ಆಜ್ಞೆ ಹೊರಡಿಸಿದ, ಪಾತ್ರೆ ಮೇಲೆ ಚಕ್ರವರ್ತಿ ಹೆಸರು ಬರೆಯಕೂಡದು ಅಂತ. ಪಾತ್ರೆ ಒಡೆದು ಹೋದ್ರೆ ತಿಪ್ಪೆ ಸೇರುತ್ತೆ, ಜೊತೆಗೆ ದೊರೆ ಹೆಸರೂ ಸೇರುತ್ತೆ. ಅಪಚಾರ ಅಲ್ವಾ? ಅದಕ್ಕೆ ಕುಂಬಾರರು ಎರಡು ಉಂಗುರ ಎಳೆದು ನಡುವೆ ಖಾಲಿ ಬಿಟ್ರು. ಇಲ್ಲಾ ಒಂದು ಎಲೆ ಬರೆದ್ರು. ಇಲ್ಲಾ ಹಿಂದಿನ ಮಿಂಗ್ ವಂಶದ ಚೆಂಗ್‌ಹುವಾ ದೊರೆ ಹೆಸರು ಹಾಕಿದ್ರು. ಅವನು ಸತ್ತು ಆಗಲೇ ಇನ್ನೂರು ವರ್ಷ ಹತ್ತಿರ ಆಗಿತ್ತು, ಕೇಳೋರು ಯಾರು?"

"ಅಂದ್ರೆ ಸುಳ್ಳು ಬರೆದ್ರು."

"ಹಿರಿಯರಿಗೆ ಗೌರವ ಅಂತಲೂ ಬರೀತಿದ್ರು, ವ್ಯಾಪಾರಕ್ಕೂ ಬರೀತಿದ್ರು. ಮುಂದೆ ಈ ಕಾಂಗ್‌ಷಿಗೂ ಅದೇ ಗತಿ ಬಂತು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಇಂಥ ನೀಲಿ ಜಾಡಿಗಳನ್ನು ಹೊರದೇಶಕ್ಕೆ ರಾಶಿ ರಾಶಿ ಕಳಿಸಿದ್ರು. ಬುಡದಲ್ಲಿ ಇದೇ ನಾಲ್ಕು ಅಕ್ಷರ."

ಚೆಂಗ್‌ಹುವಾ ಹೆಸರು ಕೇಳಿದ್ದೇ ರಾಯರ ಕಿವಿ ನೆಟ್ಟಗಾಯಿತು. "ಕೋಳಿ ಚಿತ್ರದ ಬಟ್ಟಲು ಅವನದೇ ತಾನೇ? 2014ರಲ್ಲಿ ಹಾಂಗ್‌ಕಾಂಗ್ ಹರಾಜಲ್ಲಿ ಶಾಂಘೈನ ಶ್ರೀಮಂತ ಲಿಯು ಯಿಚಿಯಾನ್ 28 ಕೋಟಿ ಹಾಂಗ್‌ಕಾಂಗ್ ಡಾಲರ್ ಕೊಟ್ಟು ಕೊಂಡ. ಕೊಂಡವನು ಅದರಲ್ಲೇ ಚಹಾ ಕುಡಿದ!"

"ಮತ್ತೆ ಬಟ್ಟಲು ಇರೋದು ಯಾಕೆ?" ಎಂದು ಅಡುಗೆಮನೆಯಿಂದ ಭಟ್ರ ಹೆಂಡತಿ ಕೇಳಿದರು. ಇದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಮೇಷ್ಟ್ರು ಅಷ್ಟರಲ್ಲಿ ಜಾಡಿಯನ್ನು ಕಿಟಕಿಯ ಬೆಳಕಿಗೆ ಓರೆ ಮಾಡಿ ಹಿಡಿದಿದ್ದರು. ಉಂಗುರದ ಪಕ್ಕದಲ್ಲಿ ಮಾಸಿದ ಕೆಂಪು ಮಸಿ. ಇಂಗ್ಲಿಷಿನಲ್ಲಿ ಐದಕ್ಷರ: ಚೈನಾ. ನೀಲಿ ಅಕ್ಷರಗಳು ಪಾತ್ರೆಗೆ ಬಳಿದ ಗಾಜಿನಂಥ ಹೊಳಪಿನ ಲೇಪದ ಅಡಿಯಲ್ಲಿದ್ದವು, ಉಗುರು ಆಡಿಸಿದರೆ ನುಣ್ಣಗೆ ಜಾರುತ್ತಿತ್ತು. ಕೆಂಪು ಮಾತ್ರ ಹೊಳಪಿನ ಮೇಲೆ ಒತ್ತಿದ್ದು, ಒಂದು ಮೂಲೆ ಉಜ್ಜಿ ಹೋಗಿತ್ತು.

"ಇದು ನೋಡಿ ನಿಜವಾದ ಜಾತಕ," ಎಂದರು. "1890ರಲ್ಲಿ ಅಮೆರಿಕದಲ್ಲಿ ಮೆಕಿನ್ಲಿ ಸುಂಕದ ಕಾನೂನು ಬಂತು. ಆಮದು ಸಾಮಾನಿನ ಮೇಲೆ ಯಾವ ದೇಶದ್ದು ಅಂತ ಇಂಗ್ಲಿಷಿನಲ್ಲಿ ಬರೆದಿರಬೇಕು. 1891ರಿಂದ ಜಾರಿ. ಸುಮಾರು 1920ರ ಈಚೆಗೆ 'ಮೇಡ್ ಇನ್ ಚೈನಾ' ಜಾಸ್ತಿ ಆಯ್ತು. ಇದರಲ್ಲಿ ಬರೀ 'ಚೈನಾ' ಇದೆ. ಹೆಚ್ಚು ಕಡಿಮೆ ಆ ಮೂವತ್ತು ವರ್ಷದೊಳಗಿನದು ಅಂತ ಇಟ್ಕೊಳ್ಳಿ."

ನನಗಂತೂ ಇದು ಬಹಳ ಹಿಡಿಸಿತು. ಚಕ್ರವರ್ತಿಯ ಹೆಸರು ಸುಳ್ಳು ಹೇಳುತ್ತಿದೆ, ಕಸ್ಟಮ್ಸಿಗಾಗಿ ಒತ್ತಿದ ಠಸ್ಸೆ ನಿಜ ಹೇಳುತ್ತಿದೆ!

"ಹಾಗಾದ್ರೆ ಇಂಗ್ಲಿಷ್ ಇಲ್ಲದ್ದೆಲ್ಲ ಹಳೇದು," ಎಂದು ಭಟ್ರು ಲೆಕ್ಕ ಹಾಕಿದರು.

"ಅದೂ ಇಲ್ಲ ಸ್ವಾಮಿ. ಹೊಳಪಿನ ಮೇಲಿನ ಮಸಿ ಕೆರೆದರೆ ಹೋಗುತ್ತೆ. ಕಾಗದದ ಚೀಟಿ ಅಂಟಿಸಿದ್ರೆ ನೆನೆಸಿದರೆ ಬಂತು. ಬೇರೆ ದೇಶಕ್ಕೆ ಹೋದ ಮಾಲಿಗೆ ಈ ಕಾನೂನೇ ಇಲ್ಲ. ಇನ್ನೊಂದು ಮಜಾ ಕೇಳಿ. 1950ರಿಂದ 1971ರವರೆಗೆ ಅಮೆರಿಕ ಚೀನಾದ ಜೊತೆ ವ್ಯಾಪಾರ ನಿಲ್ಲಿಸಿತ್ತು. ಆಗ ಜಪಾನಿನ ಬಿಳಿ ಪಿಂಗಾಣಿ ತರಿಸಿ, ಹಾಂಗ್‌ಕಾಂಗ್‌ನಲ್ಲಿ ಚೀನೀ ಚಿತ್ರ ಬರೆದು, ಇಲ್ಲಿ ಮಾರಿದ್ರು. ಪಾಪ, ಅದನ್ನ ಬುಡದಲ್ಲಿ ಪ್ರಾಮಾಣಿಕವಾಗಿ ಬರೆದೂ ಇದ್ದಾರೆ."

"ಮತ್ತೆ ನಂಬೋದು ಯಾವುದನ್ನ?"

"ಅಕ್ಷರ ಕೊನೆಗೆ ನೋಡಿ. ಮೊದಲು ಕಾಲಂಚು ಮುಟ್ಟಿ." ಮೇಷ್ಟ್ರು ಭಟ್ರ ಬೆರಳು ಹಿಡಿದು ಬುಡದ ಅಂಚಿನಲ್ಲಿ ಸುತ್ತಿಸಿದರು. ಹೊಳಪಿಲ್ಲದ ಬರೀ ಮಣ್ಣು, ಮರಳು ಕಾಗದದ ಹಾಗೆ ತರಿತರಿ. "ಒಳ್ಳೆ ಕಾಂಗ್‌ಷಿ ಪಾತ್ರೆ ಆಗಿದ್ರೆ ಇಲ್ಲಿ ನುಣ್ಣಗೆ ತಿದ್ದಿರ್ತಾರೆ. ನೀಲಿಯಲ್ಲಿ ತಿಳಿ, ದಟ್ಟ ಅಂತ ನಾಲ್ಕಾರು ಛಾಯೆ ಕಾಣುತ್ತೆ. ಇದರಲ್ಲಿ ಹೂವು ಬರೆದವನಿಗೆ ಸಂಜೆಯೊಳಗೆ ಇನ್ನೂ ನೂರು ಜಾಡಿ ಮುಗಿಸೋದಿತ್ತು ಅಂತ ಕಾಣುತ್ತೆ."

ಭಟ್ರು ಸ್ವಲ್ಪ ಕುಗ್ಗಿದರು. ನಾನು ಸಮಾಧಾನ ಹೇಳಿದೆ. ನೂರು ವರ್ಷದ ಹಿಂದೆ ಶುಂಠಿ ತುಂಬಿಕೊಂಡು ಹಡಗು ಹತ್ತಿ ಬಂದ ಜಾಡಿ ಏನು ಕಮ್ಮಿಯದ್ದಾ?

"ಶುಂಠಿ ಹಾಕಿದ್ರು ಅಂದ್ರೆ ಉಪ್ಪಿನಕಾಯಿ ಹಾಕಬಹುದು," ಎಂದು ಭಟ್ರ ಹೆಂಡತಿ ಸೌಟು ಹಿಡಿದೇ ಬಂದರು.

"ಬೇಡಮ್ಮ," ಎಂದರು ಮೇಷ್ಟ್ರು. "ಹಳೇ ಪಾತ್ರೆಗಳ ಬಣ್ಣ, ಹೊಳಪಿನಲ್ಲಿ ಸೀಸ ಇರಬಹುದು. ಹುಳಿ ತಾಗಿದ್ರೆ ಬಿಡುತ್ತೆ. ಹೂವು ಇಟ್ಕೊಳ್ಳಿ ಸಾಕು."

ಭಟ್ರು ಮಾತ್ರ ಬೇರೆ ಯೋಚನೆಯಲ್ಲಿದ್ದರು. "ಅಂದ್ರೆ ಬುಡ ಖಾಲಿ ಇರೋದನ್ನ ಹುಡುಕಬೇಕು ಅನ್ನಿ."

ರಾಯರು ಕಾಫಿ ಲೋಟ ಕೆಳಗಿಟ್ಟರು. "ನಮ್ಮನೆಯಲ್ಲಿ ಅಂಥವು ಹನ್ನೆರಡು ತಟ್ಟೆ ಇವೆ ಭಟ್ರೇ. ಯಾವ ದೊರೆ ಹೆಸರೂ ಇಲ್ಲ. ಮೈಕ್ರೋವೇವಲ್ಲಿ ಇಟ್ರೂ ತಡೆಯುತ್ತೆ. ರೇಟ್ ನೀವೇ ಹೇಳಿ."